ವಿಹಾರವೂ ವ್ರತವೂ

ಗೃಹಸ್ಥನ ಧರ್ಮವು ಬಸದಿಯ ಹೊಸಿಲಿನೊಳಗೆ ಪರೀಕ್ಷೆಗೆ ಒಳಗಾಗುವುದು ವಿರಳ. ಅಲ್ಲಿ ಎಲ್ಲವೂ ಧರ್ಮಕ್ಕೆ ಅನುಕೂಲವಾಗಿಯೇ ಇರುತ್ತದೆ. ಮನೆಯೊಳಗೂ ಹಾಗೆಯೇ; ತಲೆಮಾರುಗಳಿಂದ ನಡೆದುಬಂದ ಅಡುಗೆಮನೆಯ ಕಟ್ಟುಪಾಡುಗಳು ವ್ರತವನ್ನು ತಾವೇ ಕಾಯುತ್ತವೆ. ಮನೆಯನ್ನು ಬಿಟ್ಟು ನಾಲ್ಕು ದಿನ ವಿನೋದಕ್ಕೆಂದು ಹೊರಟಾಗ ಮಾತ್ರ, ವ್ರತವನ್ನು ಕಾಯುವ ಹೊಣೆ ಯಾರದು ಎಂಬ ಪ್ರಶ್ನೆ ಏಳುತ್ತದೆ. ತಿಪಟೂರು ತಾಲ್ಲೂಕಿನ ಬಿಳಿಗೆರೆಯ ಒಂದು ಜೈನ ಕುಟುಂಬದಲ್ಲಿ ಈ ಪ್ರಶ್ನೆ ಎದ್ದ ಬಗೆ ಮತ್ತು ಅದಕ್ಕೆ ಅವರು ಕಂಡುಕೊಂಡ ಉತ್ತರ ಇತರ ಶ್ರಾವಕ ಕುಟುಂಬಗಳಿಗೂ ವಿಚಾರಯೋಗ್ಯವಾಗಿದೆ.

ಬಿಳಿಗೆರೆಯದು ತೆಂಗಿನ ಸೀಮೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಈ ನಾಡಿನಲ್ಲಿ ಬಲಿತ ಕಾಯನ್ನು ಅಟ್ಟಕ್ಕೆ ಏರಿಸಿ, ಒಳಗಿನ ನೀರು ಆರಿ, ಅಲ್ಲಾಡಿಸಿದರೆ ಗಿಟುಕು ಸದ್ದು ಮಾಡುವವರೆಗೆ ತಿಂಗಳುಗಟ್ಟಲೆ ಕಾಯುತ್ತಾರೆ. ಆ ಕುಟುಂಬದ ಹಿರಿಯ ಮಗ ಈ ತೋಟ ಮತ್ತು ಕೊಬ್ಬರಿಯ ವ್ಯವಹಾರವನ್ನು ನೋಡಿಕೊಂಡು ಊರಿನಲ್ಲಿಯೇ ಇದ್ದಾನೆ. ಕಿರಿಯವನು ಬೆಂಗಳೂರಿನಲ್ಲಿ ಉದ್ಯೋಗಿ. ಮಗಳು ಅಮೆರಿಕದಲ್ಲಿ ನೆಲೆಸಿದ್ದಾಳೆ. ಎಪ್ಪತ್ತು ದಾಟಿದ ತಾಯಿ, ಪತಿಯ ಕಾಲಾನಂತರ ಅಣುವ್ರತಗಳನ್ನು ಸ್ವೀಕರಿಸಿದವರು. ಸೂರ್ಯಾಸ್ತದ ಅನಂತರ ಅನ್ನವಿಲ್ಲ, ಕಂದಮೂಲವಿಲ್ಲ, ಸೋಸದ ನೀರಿಲ್ಲ, ಅಷ್ಟಮಿ, ಚತುರ್ದಶಿಗಳಲ್ಲಿ ಶಕ್ತ್ಯನುಸಾರ ಉಪವಾಸ. ನಡುಮನೆಯ ಗೋಡೆಯ ಪಂಚಾಂಗದಲ್ಲಿ ಪರ್ವತಿಥಿಗಳಿಗೆ ಸೀಸದ ಕಡ್ಡಿಯಿಂದ ಸಣ್ಣ ಗುರುತು ಹಾಕಿಕೊಳ್ಳುವುದು ಅವರ ರೂಢಿ.

ಒಂದು ವರ್ಷ ಆಗಸ್ಟ್ ತಿಂಗಳ ಸಾಲು ರಜೆಯಲ್ಲಿ ಕಿರಿಯ ಮಗನು ಇಡೀ ಕುಟುಂಬವನ್ನು ಮಲೆನಾಡಿಗೆ ಕರೆದೊಯ್ದನು. ಕಾಫಿ ತೋಟದ ಇಳಿಜಾರಿನಲ್ಲಿ ಸಾಲಾಗಿ ಕಟ್ಟಿದ ಮರದ ಕುಟೀರಗಳು. ಜೈನ ಊಟ ದೊರೆಯುತ್ತದೆ ಎಂಬ ಭರವಸೆಯನ್ನು ದೂರವಾಣಿಯಲ್ಲಿ ಪಡೆದುಕೊಂಡೇ ಅವನು ಮುಂಗಡ ಕೊಟ್ಟಿದ್ದನು. ಭರವಸೆ ಸುಳ್ಳಾಗಿರಲಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಪಲ್ಯ, ಆಲೂಗಡ್ಡೆಯ ಬದಲು ಬಾಳೆಕಾಯಿ, ಎಲ್ಲವೂ ಇದ್ದವು. ಆದರೆ ಊಟದ ಗಂಟೆ ರಾತ್ರಿ ಎಂಟೂವರೆ. ಒಂದೇ ಅಡುಗೆಮನೆ, ಒಂದೇ ಸೌಟು. ಅಂಗಳದ ಕೆಂಡದ ಮೇಲೆ ಮಾಂಸ ಸುಡುವ ಹೊಗೆ ಊಟದ ಮೇಜಿನವರೆಗೂ ಬರುತ್ತಿತ್ತು. ಮೊದಲ ಸಂಜೆ ತಾಯಿಯವರು, ‘ನನಗೆ ಇಂದು ಅಷ್ಟಮಿ, ನೀವು ಊಟ ಮಾಡಿ’ ಎಂದರು. ಮರುದಿನ, ‘ಹೊಟ್ಟೆ ಯಾಕೋ ಸರಿಯಿಲ್ಲ’ ಎಂದರು. ಮನೆಯಿಂದ ತಂದಿದ್ದ ಅವಲಕ್ಕಿ, ಬೆಲ್ಲ, ಒಂದು ಹೋಳು ಕೊಬ್ಬರಿಯಲ್ಲಿ ಅವರ ಮೂರು ದಿನಗಳು ಕಳೆದವು. ಯಾರಿಗೂ ಅನುಮಾನ ಬರಲಿಲ್ಲ.

ಮಳೆಗಾಲವಾದ್ದರಿಂದ ಇಂಬಳಗಳ ಕಾಟ ಬೇರೆ. ನಡೆದು ಬಂದವರ ಕಾಲಿಗೆ ಹತ್ತಿದ ಇಂಬಳಗಳ ಮೇಲೆ ಅಲ್ಲಿನ ಆಳುಗಳು ಉಪ್ಪು ಹಾಕಿದರು. ಅವು ಮುದುಡಿ ಬೀಳುವುದನ್ನು ಮಕ್ಕಳು ಬಾಗಿ ನೋಡಿದರು. ಹನ್ನೆರಡು ವರ್ಷದ ಮೊಮ್ಮಗಳು ಮಾತ್ರ ಅಜ್ಜಿಯ ಮುಖವನ್ನು ನೋಡಿದಳು.

ಸತ್ಯ ಹೊರಬಿದ್ದದ್ದು ದೀಪಾವಳಿಗೆ ಎಲ್ಲರೂ ಊರಿನಲ್ಲಿ ಸೇರಿದಾಗ. ಮೊಮ್ಮಗಳು ಗೋಡೆಯ ಪಂಚಾಂಗದ ಹಾಳೆಗಳನ್ನು ಹಿಂದಕ್ಕೆ ತಿರುವಿ, ಆಗಸ್ಟ್ ತಿಂಗಳಿನಲ್ಲಿ ನಿಂತು, ‘ಅಜ್ಜಿ, ನಾವು ಹೋಗಿದ್ದ ದಿನ ಅಷ್ಟಮಿ ಇರಲಿಲ್ಲವಲ್ಲ. ಗುರುತು ಬೇರೆ ದಿನಕ್ಕಿದೆ’ ಎಂದಳು. ತಾಯಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇರಲಿಲ್ಲ ಮಗು. ಸುಳ್ಳು ಹೇಳಿದೆ. ಆ ತಪ್ಪಿಗೆ ಒಂದು ತಿಂಗಳು ತುಪ್ಪ ಬಿಟ್ಟಿದ್ದೆ’ ಎಂದರು. ಮನೆಯವರೆಲ್ಲ ಕೇಳಿಸಿಕೊಂಡರು. ತುಪ್ಪ ಬಿಟ್ಟದ್ದನ್ನು ಹಿರಿಯ ಸೊಸೆ ಕಂಡಿದ್ದರು. ಕಾರಣ ಅವರಿಗೂ ತಿಳಿದಿರಲಿಲ್ಲ.

ಇಲ್ಲಿ ವಿಚಾರಿಸಬೇಕಾದುದು ವೃದ್ಧೆಯೊಬ್ಬರ ಹಸಿವಿನ ಪ್ರಶ್ನೆಯೊಂದೇ ಅಲ್ಲ. ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಸತ್ಯಾಣುವ್ರತವನ್ನು ವಿವರಿಸುವಲ್ಲಿ, ಸ್ಥೂಲವಾದ ಅಸತ್ಯವನ್ನು ತಾನು ಆಡದಿರುವುದನ್ನು ಹೇಳಿ ನಿಲ್ಲಿಸುವುದಿಲ್ಲ. ಇತರರಿಂದ ಆಡಿಸದಿರುವುದನ್ನೂ ಅದರೊಳಗೆ ಸೇರಿಸುತ್ತದೆ. ಕೃತ, ಕಾರಿತ, ಅನುಮೋದನೆ ಎಂಬ ಮೂರು ದಾರಿಗಳಿಂದಲೂ ಕರ್ಮವು ಬರುತ್ತದೆಂಬುದು ಬಾಲ್ಯದಲ್ಲಿಯೇ ಕಲಿಸುವ ಪಾಠ. ಮಕ್ಕಳ ಸಂತೋಷಕ್ಕೆ ಭಂಗ ಬರಬಾರದೆಂದು ತಾಯಿ ಆಡಿದ ಅಸತ್ಯವು ಅವರದು, ನಿಜ. ಅದನ್ನು ಅವರಿಂದ ಆಡಿಸಿದ ಏರ್ಪಾಡು ಯಾರದು? ಕಿರಿಯ ಮಗನನ್ನು ಆ ರಾತ್ರಿ ಬಾಧಿಸಿದ್ದು ಈ ಪ್ರಶ್ನೆಯೇ. ಅವನು ಹಣವನ್ನು ಉಳಿಸಿರಲಿಲ್ಲ, ವಿಚಾರಿಸದೆಯೂ ಇರಲಿಲ್ಲ. ಕುಟೀರದ ಯಜಮಾನನನ್ನು ಹತ್ತು ಪ್ರಶ್ನೆ ಕೇಳಿದ್ದ ಅವನು ತಾಯಿಯನ್ನು ಒಂದೂ ಕೇಳಿರಲಿಲ್ಲ.

ಡಿಸೆಂಬರ್ ರಜೆಗೆ ಮತ್ತೊಮ್ಮೆ ಎಲ್ಲರೂ ಹೊರಡುವುದೆಂದು, ಈ ಬಾರಿ ಸ್ಥಳವನ್ನು ಎಲ್ಲರೂ ಕೂಡಿ ಆರಿಸುವುದೆಂದು ನಿಶ್ಚಯವಾಯಿತು. ಮಗಳೂ ತನ್ನ ಮಕ್ಕಳೊಡನೆ ಬರುವವಳಿದ್ದಳು.

ಹಿರಿಯ ಮಗನ ಸೂಚನೆ ಸರಳವಾಗಿತ್ತು: ‘ಶ್ರವಣಬೆಳಗೊಳಕ್ಕೆ ಹೋಗೋಣ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದೊಳಗೆ ತಲುಪುತ್ತೇವೆ. ಧರ್ಮಶಾಲೆ ಇದೆ, ಹೊತ್ತಿಗೆ ಸರಿಯಾದ ಶುದ್ಧ ಭೋಜನವಿದೆ, ಚಿಂತೆಯೇ ಇಲ್ಲ.’ ಇದನ್ನು ಒಪ್ಪದವರು ತಾಯಿಯೇ ಎಂಬುದು ಗಮನಾರ್ಹ. 1993, 2006 ಮತ್ತು 2018ರ ಮಹಾಮಸ್ತಕಾಭಿಷೇಕಗಳನ್ನು ಕಂಡ ಅವರು ಹೇಳಿದ್ದು ಇಷ್ಟು: ‘ಸ್ವಾಮಿಯ ದರ್ಶನಕ್ಕೆ ಹೋಗುವುದಾದರೆ ಇಂದೇ ಹೊರಡೋಣ. ಮಕ್ಕಳು ಕುಣಿದಾಡಲಿ ಎಂದು ಹೋಗುವುದಾದರೆ ಕ್ಷೇತ್ರದ ಕೋಣೆ ಹಿಡಿಯಬೇಡ. ಅದು ದೂರದಿಂದ ಬಂದ ಯಾತ್ರಿಕರಿಗೆ, ಬಡವರಿಗೆ ಎಂದು ದಾನಿಗಳು ಕಟ್ಟಿಸಿದ್ದು. ನಮ್ಮ ಅನುಕೂಲಕ್ಕೆ ಅದನ್ನು ಅಗ್ಗದ ಹೋಟೆಲು ಮಾಡಬಾರದು.’

ಈ ಮಾತು ಕ್ಷೇತ್ರಗಳ ವಿಶ್ವಸ್ತರಿಗೂ ಯಾತ್ರಿಕರಿಗೂ ಸಮಾನವಾಗಿ ಸಲ್ಲುತ್ತದೆ. ದಾನದ್ರವ್ಯದಿಂದ ಕಟ್ಟಿದ ಕೋಣೆಯನ್ನು ಉದ್ದೇಶಾಂತರಕ್ಕೆ ಬಳಸುವುದು ಸಣ್ಣ ದೋಷವಾಗಿ ಕಾಣಬಹುದು. ಆದರೆ ರಜೆಯ ದಿನಗಳಲ್ಲಿ ವಿಹಾರಕ್ಕೆ ಬಂದ ವಾಹನಗಳು ತುಂಬಿ, ದರ್ಶನಕ್ಕೆ ಬಂದ ವೃದ್ಧ ದಂಪತಿಗಳಿಗೆ ಕೋಣೆ ಇಲ್ಲವೆನ್ನಬೇಕಾದಾಗ ಅದರ ಗಾತ್ರ ತಿಳಿಯುತ್ತದೆ.

ಕಿರಿಯ ಮಗನ ಮನಸ್ಸು ಅರಣ್ಯ ಶಿಬಿರಗಳ ಕಡೆಗಿತ್ತು. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯು ಕಬಿನಿ, ಬಿಳಿಗಿರಿರಂಗನ ಬೆಟ್ಟದ ಕೆ.ಗುಡಿ ಮುಂತಾದ ಕಡೆಗಳಲ್ಲಿ ಇಂತಹ ಶಿಬಿರಗಳನ್ನು ನಡೆಸುತ್ತದೆ. ಅವುಗಳ ಹಿಂದೆ ಒಂದು ಇತಿಹಾಸವಿದೆ. ಕಬಿನಿಯ ಶಿಬಿರವಿರುವ ಕಾರಾಪುರದ ಕಟ್ಟಡಗಳು ಮೈಸೂರು ಅರಸರ ಕಾಲದಲ್ಲಿ ಬೇಟೆಯ ಬಂಗಲೆಗಳಾಗಿದ್ದವು. ಸಮೀಪದ ಕಾಕನಕೋಟೆಯಲ್ಲಿ ಆನೆಗಳನ್ನು ಹಿಂಡುಹಿಂಡಾಗಿ ಅಟ್ಟಿ ಹಿಡಿಯುವ ಖೆಡ್ಡಾ ನಡೆಯುತ್ತಿತ್ತು. ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. ಮರುವರ್ಷ, 1972ರಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿತು. ಕಾವೇರಿ ತೀರದ ಭೀಮೇಶ್ವರಿಯಲ್ಲಿ ಮಹಸೀರ್ ಮೀನನ್ನು ಗಾಳಕ್ಕೆ ಸಿಕ್ಕಿಸಿ, ತೂಗಿ, ಚಿತ್ರ ತೆಗೆದು, ಮರಳಿ ನೀರಿಗೆ ಬಿಡುವ ಆಟಕ್ಕೆಂದೇ ಶಿಬಿರವಿತ್ತು; ಮುಂದೆ ಅಭಯಾರಣ್ಯದೊಳಗೆ ಅದೂ ನಿಂತಿತು. ಕೊಲ್ಲಲು ಬರುತ್ತಿದ್ದ ಕಾಡಿಗೆ ಮನುಷ್ಯನು ನೋಡಲು ಬರುವಂತಾದುದು ಅಹಿಂಸೆಯ ದೃಷ್ಟಿಯಿಂದ ದೊಡ್ಡ ಹೆಜ್ಜೆಯೇ. ಆದ್ದರಿಂದ ಇಂತಹ ಶಿಬಿರಗಳನ್ನು ಸಾರಾಸಗಟಾಗಿ ನಿಂದಿಸುವುದು ಉಚಿತವಲ್ಲ. ಈ ಕುಟುಂಬದ ತೊಡಕು ಬೇರೆ. ಅಲ್ಲಿ ವಸತಿ, ಊಟ, ಕಾಡಿನ ಸುತ್ತಾಟ ಎಲ್ಲವೂ ಒಂದೇ ದರದಲ್ಲಿ ಸೇರಿರುತ್ತವೆ, ಅಡುಗೆಮನೆ ಅತಿಥಿಯದಲ್ಲ.

ಆಗ ಮಗಳು ಅಮೆರಿಕದ ರೀತಿಯನ್ನು ತಿಳಿಸಿದಳು. ಅಲ್ಲಿನ ರಾಜ್ಯಗಳ ಉದ್ಯಾನವನಗಳಲ್ಲಿ ಮರದ ಪುಟ್ಟ ಮನೆಗಳು ಬಾಡಿಗೆಗೆ ದೊರೆಯುತ್ತವೆ; ಕೆಲವು ಬರಿಯ ಗೋಡೆ, ಮಂಚಗಳು; ಕೆಲವಕ್ಕೆ ಒಲೆ, ಪಾತ್ರೆಗಳೂ ಉಂಟು. ಅವಳ ಕುಟುಂಬ ಒಲೆಯಿರುವ ಮನೆಯನ್ನೇ ಹುಡುಕುತ್ತದೆ. ಅಲ್ಲಿನ ಎರಡು ನಿಯಮಗಳನ್ನು ಕೇಳಿ ತಾಯಿಯವರು ಕುತೂಹಲಗೊಂಡರು. ಯೊಸೆಮಿಟಿಯಂತಹ ಉದ್ಯಾನದಲ್ಲಿ ತಂದ ಆಹಾರವನ್ನೆಲ್ಲ ಲೋಹದ ಪೆಟ್ಟಿಗೆಯಲ್ಲಿ ಭದ್ರಪಡಿಸಲೇಬೇಕು. ಏಕೆಂದರೆ ಮನುಷ್ಯರ ತಿನಿಸಿನ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಬರುತ್ತದೆ, ಕೊನೆಗೆ ಅಪಾಯಕಾರಿಯೆಂದು ಅದನ್ನು ಕೊಲ್ಲಬೇಕಾಗಿ ಬರಬಹುದು. ಎರಡನೆಯದು, ಬೇರೆ ಊರಿನ ಸೌದೆಯನ್ನು ಶಿಬಿರಕ್ಕೆ ತರಬಾರದೆಂಬ ಎಚ್ಚರಿಕೆ. ಸೌದೆಯೊಳಗೆ ಅಡಗಿದ ಹುಳುಗಳು ಹೊಸ ಕಾಡಿಗೆ ಹರಡಿ ಮರಗಳನ್ನು ಒಣಗಿಸುತ್ತವೆ. ‘ಸೌದೆಯಲ್ಲಿ ಜೀವವಿದೆ ಎಂದು ಅವರೂ ಹೇಳುತ್ತಾರಲ್ಲ’ ಎಂದರು ತಾಯಿ. ಮಾತು ಅಲ್ಲಿಂದ ಶಿಬಿರದ ಬೆಂಕಿಗೆ ಬಂದಿತು.

ಈಗಿನ ವಿಹಾರಗಳಲ್ಲಿ ರಾತ್ರಿ ಅಂಗಳದಲ್ಲಿ ಬೆಂಕಿ ಹಾಕಿ ಸುತ್ತ ಕುಳಿತುಕೊಳ್ಳುವುದು ಅನಿವಾರ್ಯವೆಂಬಂತಾಗಿದೆ. ಕಿರಿಯ ಮಗನು, ‘ಅಮ್ಮ, ನಮ್ಮ ಹಂಡೆಯ ಒಲೆಗೆ ದಿನವೂ ಮಟ್ಟೆ, ಕರಟ ಹಾಕುತ್ತೇವೆ. ಅದು ತಪ್ಪಲ್ಲವಾದರೆ ಇದೇಕೆ ತಪ್ಪು?’ ಎಂದು ಕೇಳಿದನು. ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ಉತ್ತರವು ಶ್ರಾವಕಾಚಾರದ ಅನರ್ಥದಂಡ ವ್ರತದಲ್ಲಿದೆ. ಗೃಹಸ್ಥನಿಗೆ ಆರಂಭವು ತಪ್ಪಿದ್ದಲ್ಲ. ಅವನು ಉಳಬೇಕು, ಬೇಯಿಸಬೇಕು, ನೀರು ಕಾಯಿಸಬೇಕು. ಪ್ರಯೋಜನವಿಲ್ಲದ ಹಿಂಸೆಯನ್ನಾದರೂ ಅವನು ಬಿಡಲಿ ಎಂಬುದು ಆಚಾರ್ಯರ ಅಪೇಕ್ಷೆ. ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಅನರ್ಥದಂಡವನ್ನು ಐದಾಗಿ ವಿಂಗಡಿಸಿದ ಸಮಂತಭದ್ರರು, ಪ್ರಮಾದಚರ್ಯೆಗೆ ಕೊಡುವ ಉದಾಹರಣೆಗಳು ಇಂದಿನ ವಿಹಾರವನ್ನು ಕಂಡೇ ಬರೆದಂತಿವೆ: ನಿಷ್ಪ್ರಯೋಜನವಾಗಿ ನೆಲ ಅಗೆಯುವುದು, ನೀರು ಚೆಲ್ಲಾಡುವುದು, ಬೆಂಕಿ ಹೊತ್ತಿಸುವುದು, ಗಾಳಿ ಬೀಸುವುದು, ಗಿಡ ಕತ್ತರಿಸುವುದು, ಸುಮ್ಮನೆ ಅಲೆಯುವುದು ಮತ್ತು ಅಲೆಸುವುದು.

ತಾಯಿಯವರು ಶಾಸ್ತ್ರವನ್ನು ಹೇಳಲಿಲ್ಲ. ಮರುದಿನ ಬೆಳಿಗ್ಗೆ ಮೊಮ್ಮಕ್ಕಳನ್ನು ಬಚ್ಚಲ ಒಲೆಯ ಬಳಿಗೆ ಕರೆದರು. ಒಂದೊಂದು ಮಟ್ಟೆಯನ್ನೂ ಕೈಗೆತ್ತಿಕೊಂಡು ನೆಲಕ್ಕೆ ಮೆಲ್ಲನೆ ಕುಟ್ಟಿ, ಇರುವೆಯೋ ಗೊದ್ದವೋ ಇದ್ದರೆ ಹರಿದುಹೋಗಲು ಬಿಟ್ಟು, ಆಮೇಲೆ ಒಲೆಗೆ ಇಟ್ಟರು. ಒಂದು ಹಂಡೆ ನೀರಿಗೆ ಏಳೆಂಟು ಮಟ್ಟೆ ಸಾಕಾಯಿತು. ‘ಮಲೆನಾಡಿನಲ್ಲಿ ಹಾಕಿದ ಬೆಂಕಿಗೆ ಎಷ್ಟು ಸೌದೆ ಹಿಡಿಯಿತು? ಯಾರಾದರೂ ಕುಟ್ಟಿ ನೋಡಿದರೋ?’ ಎಂದಷ್ಟೇ ಕೇಳಿದರು. ಯತ್ನಾಚಾರಕ್ಕೂ ಪ್ರಮಾದಕ್ಕೂ ಇರುವ ಅಂತರವನ್ನು ಮಕ್ಕಳಿಗೆ ತಿಳಿಸಲು ಅಷ್ಟು ಸಾಕಾಗಿತ್ತು.

ಹೀಗೆ ಚರ್ಚೆಯು ಒಂದು ದಾರಿಗೆ ಬರುತ್ತಿರುವಾಗ ಕಿರಿಯ ಸೊಸೆ ಎತ್ತಿದ ಆಕ್ಷೇಪ ಎಲ್ಲಕ್ಕಿಂತ ತೂಕದ್ದಾಗಿತ್ತು. ‘ಅತ್ತೆ, ನಿಮ್ಮ ವ್ರತಕ್ಕೆ ನಾನು ಅಡ್ಡಿ ಹೇಳುವುದಿಲ್ಲ. ಆದರೆ ಅಡುಗೆಮನೆಯಿರುವ ಮನೆ ಹಿಡಿಯೋಣ ಎಂದು ಇವರೆಲ್ಲ ಸುಲಭವಾಗಿ ಹೇಳಿಬಿಟ್ಟರು. ಅಲ್ಲಿ ಒಲೆಯ ಮುಂದೆ ನಿಲ್ಲುವವರು ಯಾರು? ನಾನು, ಅಕ್ಕ ಇಬ್ಬರೇ ತಾನೇ? ನಾಲ್ಕು ದಿನದ ವಿಹಾರ ಗಂಡಸರಿಗೆ, ಮಕ್ಕಳಿಗೆ. ನಮಗೆ ಊರು ಬದಲಾಯಿತು ಅಷ್ಟೇ.’

ಯಾರಿಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ಒಬ್ಬರ ವ್ರತವನ್ನು ಕಾಯಲು ಮತ್ತೊಬ್ಬರ ಬೆನ್ನನ್ನು ಬಳಸುವುದು ಧರ್ಮವೆನಿಸೀತೆ? ನೌಕರರ ಮೇಲೆ, ಪಶುಗಳ ಮೇಲೆ ಅತಿಭಾರ ಹೇರುವುದನ್ನು ಅಹಿಂಸಾಣುವ್ರತದ ಅತಿಚಾರವೆಂದು ಪಠಿಸುವ ಮನೆಗಳಲ್ಲಿ, ಸೊಸೆಯ ಮೇಲಿನ ಭಾರ ಲೆಕ್ಕಕ್ಕೆ ಬಾರದೆ ಹೋಗುವುದುಂಟು. ತಾಯಿಯವರೇ ಮೌನವನ್ನು ಮುರಿದರು: ‘ಅವಳು ಹೇಳುವುದು ಸರಿ. ನನಗೆ ಗಂಜಿ, ಹುರಿಹಿಟ್ಟು ಸಾಕು. ಉಳಿದದ್ದನ್ನು ಈ ಇಬ್ಬರು ಗಂಡುಮಕ್ಕಳು ಮಾಡಲಿ. ನನ್ನ ಮಾತನ್ನು ಕೇಳಲಿಲ್ಲ ಎಂದು ಬೇಸರಪಟ್ಟರಲ್ಲ, ಅಡುಗೆಯಲ್ಲಿ ಕೇಳಲಿ.’ ಹಿರಿಯ ಮಗನು ನಕ್ಕನು. ಆದರೆ ಮಾತು ನಿಂತಿತು. ಅಡುಗೆ ಅಣ್ಣತಮ್ಮಂದಿರದು, ಪಾತ್ರೆ ಹದಿನೈದು ದಾಟಿದ ಮಕ್ಕಳದು ಎಂದು ಗೊತ್ತಾಯಿತು.

ಅನಂತರ ಕಾಲ ಮತ್ತು ಸ್ಥಳಗಳನ್ನು ಗೊತ್ತುಮಾಡುವುದು ಕಷ್ಟವಾಗಲಿಲ್ಲ. ಮುನಿಗಳು ಚಾತುರ್ಮಾಸದಲ್ಲಿ ಒಂದೆಡೆ ನಿಲ್ಲುವುದು ಮಳೆಗಾಲದಲ್ಲಿ ನೆಲವೆಲ್ಲ ಜೀವಮಯವಾಗುವುದರಿಂದ. ಶ್ರಾವಕನು ಆ ಕಾಲದಲ್ಲಿ ಅಗತ್ಯವಿಲ್ಲದ ಪ್ರಯಾಣವನ್ನಾದರೂ ತಗ್ಗಿಸಬಹುದು. ಡಿಸೆಂಬರಿನಲ್ಲಿ ಇಂಬಳಗಳ ಭಯ ಕಡಿಮೆ. ಚಳಿಗಾಲದಲ್ಲಿ ಹಿಟ್ಟಿಗೆ ಏಳು ದಿನಗಳ ಮರ್ಯಾದೆ ಇರುವುದರಿಂದ ಮನೆಯಲ್ಲಿ ಬೀಸಿದ ಹಿಟ್ಟೇ ಪ್ರವಾಸಕ್ಕೆ ಸಾಲುತ್ತದೆ. ಹೊತ್ತು ಬೇಗ ಮುಳುಗುತ್ತದೆಂಬುದೊಂದು ತೊಡಕು. ಸಂಜೆ ಐದಕ್ಕೆ ಎಲೆ ಹಾಕಬೇಕು.

ಸ್ಥಳಕ್ಕೆ ನಾಲ್ಕು ಪ್ರಶ್ನೆಗಳನ್ನು ಇಟ್ಟುಕೊಂಡರು. ಪ್ರತ್ಯೇಕ ಒಲೆ ಇದೆಯೇ? ತೆರೆದ ಬಾವಿ ಇದೆಯೇ? ಮಕ್ಕಳಿಗೆ ನಡೆದಾಡಲು ಕಾಡು, ಹೊಳೆ ಇವೆಯೇ? ದಿನಕ್ಕೊಮ್ಮೆ ಜಿನದರ್ಶನ ಸಾಧ್ಯವೇ? ಬಾವಿಯ ಪ್ರಶ್ನೆ ಕೇಳಿ ಕಿರಿಯ ಮಗನಿಗೆ ಆಶ್ಚರ್ಯವಾಯಿತು. ನೀರನ್ನು ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಗಳನ್ನು, ನೀರು ಬಂದ ಜಾಗಕ್ಕೇ ಮೆಲ್ಲನೆ ಮರಳಿ ಬಿಡಬೇಕು. ಕೊಳವೆಬಾವಿಯ ನೀರು ನಲ್ಲಿಯಲ್ಲಿ ಬಂದರೆ ಮರಳಿ ಬಿಡುವುದೆಲ್ಲಿ? ಸೋಸುವುದು ಕುಡಿಯುವವನ ಆರೋಗ್ಯಕ್ಕೆಂದೇ ತಿಳಿದಿದ್ದ ಅವನಿಗೆ, ಅದು ನೀರಿನಲ್ಲಿರುವವುಗಳ ರಕ್ಷಣೆಗಾಗಿ ಎಂಬುದು ಆಗ ಸ್ಪಷ್ಟವಾಯಿತು.

ಕೊನೆಗೆ ಆರಿಸಿಕೊಂಡದ್ದು ಆಗುಂಬೆ ಘಾಟಿಯ ಕೆಳಗೆ, ಹೆಬ್ರಿಯಿಂದ ಕಾರ್ಕಳದ ಹಾದಿಯ ಕಡೆ, ಅಡಿಕೆ ತೋಟದ ನಡುವಿನ ಒಂದು ಹಳೆಯ ಮನೆ. ಯಜಮಾನರ ವಾಸ ಬೇರೆ ಮನೆಯಲ್ಲಿ. ಅವರು ಜೈನರಲ್ಲ, ಅವರ ಮನೆಯಲ್ಲಿ ಮೀನು ಬೇಯುತ್ತದೆಂದು ಅವರೇ ಮೊದಲಿಗೆ ತಿಳಿಸಿ, ಪಾತ್ರೆಗಳನ್ನು ತಂದುಕೊಳ್ಳಿರೆಂದು ಹೇಳಿದರು. ಹೊರಡುವ ಮುನ್ನ ತಾಯಿಯವರು ಮಕ್ಕಳಿಗೆ ಒಂದು ಎಚ್ಚರಿಕೆ ಕೊಟ್ಟರು: ‘ಅವರ ಅಂಗಳದಲ್ಲಿ ಮೂಗು ಮುಚ್ಚಿಕೊಳ್ಳಬಾರದು. ಮರೆಮಾಡದೆ ನಿಜ ಹೇಳಿದ ಮನುಷ್ಯ ಅವರು.’

ವರಂಗದ ಕೆರೆಬಸದಿ ಅಲ್ಲಿಗೆ ಸಮೀಪ. ನೀರಿನ ನಡುವೆ ನಿಂತ ಆ ಚತುರ್ಮುಖ ಬಸದಿಗೆ ಸಣ್ಣ ದೋಣಿಯಲ್ಲಿ ಹೋಗಬೇಕು. ಕಾರ್ಕಳದಲ್ಲಿ 1432ರಲ್ಲಿ ನಿಂತ 42 ಅಡಿಯ ಗೊಮ್ಮಟಮೂರ್ತಿಯೂ, 1586ರ ಚತುರ್ಮುಖ ಬಸದಿಯೂ ಅದೇ ಹಾದಿಯಲ್ಲಿವೆ. ತಾಯಿಯವರು ಹೊರಟ ದಿನವೇ ದೇಶಾವಕಾಶಿಕವನ್ನು ಸ್ವೀಕರಿಸಿದರು: ನಾಲ್ಕು ದಿನ ಈ ಮನೆ, ಈ ಹೊಳೆ, ಈ ಕಾಡಿನ ಅಂಚು, ಕಾರ್ಕಳದವರೆಗಿನ ರಸ್ತೆ, ಇದರಾಚೆಗೆ ಗಮನವಿಲ್ಲ. ಮನೆ, ಗ್ರಾಮ, ಹೊಲ, ನದಿ, ವನಗಳನ್ನು ಎಲ್ಲೆಯಾಗಿಟ್ಟುಕೊಳ್ಳಬಹುದೆಂದು ಶಾಸ್ತ್ರವೇ ಹೇಳಿದೆ. ಮೊಮ್ಮಕ್ಕಳೂ ಅದನ್ನು ಆಟದಂತೆ ಒಪ್ಪಿಕೊಂಡರು. ಅದರಿಂದಾದ ಲಾಭ ಹಿರಿಯರಿಗೂ ದೊರೆಯಿತು. ಮೂರು ಜಿಲ್ಲೆಗಳನ್ನು ಮೂರು ದಿನದಲ್ಲಿ ನೋಡಿ ಮುಗಿಸುವ ಓಟ ತಪ್ಪಿತು.

ಮೊದಲ ಸಂಜೆ ಅಣ್ಣತಮ್ಮಂದಿರ ಸಾರಿಗೆ ಉಪ್ಪು ಹೆಚ್ಚಾಗಿತ್ತು. ಐದು ಗಂಟೆಗೆ ಎಲ್ಲರೂ ಒಟ್ಟಿಗೆ ಉಂಡರು, ತಾಯಿಯೂ ಸಹ. ಕತ್ತಲಾದ ಮೇಲೆ ಯಜಮಾನರು ಸೌದೆ ತರಿಸಲೇ ಎಂದು ಕೇಳಿದರು. ಹುಡುಗರು ಬೇಡವೆಂದರು. ದೀಪ ಆರಿಸಿ ಜಗಲಿಯಲ್ಲಿ ಕುಳಿತಾಗ, ಬೆಂಕಿಯ ಬೆಳಕಿನಲ್ಲಿ ಕಾಣದೆ ಹೋಗುತ್ತಿದ್ದ ನಕ್ಷತ್ರಗಳೂ ತೋಟದ ಮಿಂಚುಹುಳುಗಳೂ ಕಂಡವು. ಕಿರಿಯ ಸೊಸೆ ಎಂಟು ಗಂಟೆಗೇ ಮಲಗಿ ನಿದ್ರಿಸಿದರು, ಯಾರೂ ಎಬ್ಬಿಸಲಿಲ್ಲ.

ಇದರಿಂದ ಕುಟುಂಬಗಳು ತಿಳಿಯಬಹುದಾದ ಸಂಗತಿ ಸರಳವಾಗಿದೆ. ವಸತಿಯನ್ನು ಗೊತ್ತುಮಾಡುವ ಮೊದಲು, ಮನೆಯಲ್ಲಿ ಅತ್ಯಂತ ಕಠಿಣವಾದ ನಿಯಮವಿರುವವರನ್ನೂ, ಅತ್ಯಂತ ಹೆಚ್ಚು ಕೆಲಸ ಬೀಳುವವರನ್ನೂ ಕೇಳಬೇಕು. ಅವರಿಬ್ಬರೂ ಸಮಾಧಾನದಿಂದ ಒಪ್ಪಿದ ಸ್ಥಳವು ಉಳಿದವರಿಗೆ ಸಾಮಾನ್ಯವಾಗಿ ಒಗ್ಗುತ್ತದೆ. ಕ್ಷೇತ್ರಗಳ ವಿಶ್ವಸ್ತರು ಗಮನಿಸಬಹುದಾದುದೂ ಒಂದಿದೆ. ಯಾತ್ರಿಕರ ಧರ್ಮಶಾಲೆಯಿಂದ ಬೇರೆಯಾಗಿ, ಬೇರೆ ದರದಲ್ಲಿ, ಒಲೆ ಮತ್ತು ಬಾವಿಯಿರುವ ನಾಲ್ಕಾರು ಸಾಧಾರಣ ಮನೆಗಳನ್ನು ಕುಟುಂಬಗಳಿಗೆಂದು ಇರಿಸಿದರೆ, ದಾನದ್ರವ್ಯದ ಮರ್ಯಾದೆಯೂ ಉಳಿಯುತ್ತದೆ, ಮಕ್ಕಳಿಗೆ ಕ್ಷೇತ್ರದ ಸಾಮೀಪ್ಯವೂ ದೊರೆಯುತ್ತದೆ. ಆಡಂಬರದ ಕಟ್ಟಡಗಳು ಇದಕ್ಕೆ ಬೇಕಿಲ್ಲ.

ಬಿಳಿಗೆರೆಗೆ ಮರಳಿದ ಮೇಲೆ ಮೊಮ್ಮಗಳು ಪಂಚಾಂಗದ ಡಿಸೆಂಬರ್ ಹಾಳೆಯಲ್ಲಿ ಆ ನಾಲ್ಕು ದಿನಗಳನ್ನು ಹುಡುಕಿ ನೋಡಿದಳು. ಅವುಗಳಲ್ಲಿ ಒಂದಕ್ಕೆ ಸೀಸದ ಕಡ್ಡಿಯ ಗುರುತಿತ್ತು. ಆ ದಿನ ಅಜ್ಜಿ ಉಪವಾಸವಿದ್ದುದು ಅವಳಿಗೆ ನೆನಪಿತ್ತು. ಅಂದು ನಿಜವಾಗಿಯೂ ಅಷ್ಟಮಿಯಾಗಿತ್ತು.